ಲಿಫ್ಟ್‌ನಲ್ಲಿ ಸಿಕ್ಕ ಬೀಥೋವನ್

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಪಿಯಾನೋ ಕೇಳೋದನ್ನ ಯಾರಿಂದ ಶುರು ಮಾಡಲಿ ಅಂತ ಕೇಳಿದ್ದರು. ನಾನು ಒಂದೇ ಸಾಲಿನಲ್ಲಿ "ನಾರ್ವೆಯ ಲೈಫ್ ಊವೆ ಆನ್ಸ್‌ನೆಸ್" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ನೀವು ಬಿಡಬೇಕಲ್ಲ. ಯಾರು ಇವರು, ಜರ್ಮನಿ ರಷ್ಯಾ ಬಿಟ್ಟು ನಾರ್ವೆಗೆ ಯಾಕೆ ಹೋದಿರಿ, ಕೇಳಿದೆವು ಏನೂ ಅನ್ನಿಸಲಿಲ್ಲ, ಕೇಳಿದೆವು ನಿದ್ದೆ ಬಿಟ್ಟೆವು, ಹೀಗೆ ಪತ್ರದ ಮೇಲೆ ಪತ್ರ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅವರಿಗೇ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಯಾರು ಸ್ವಾಮಿ ಇವರು? ಹುಡುಕಿದರೆ ಬರೀ ಪ್ರಶಸ್ತಿಗಳ ಪಟ್ಟಿ ಬರುತ್ತೆ. ಮನುಷ್ಯನ ಕಥೆ ಹೇಳಿ.
(ಮೈಸೂರಿನ ಓದುಗರು)

ಉತ್ತರ: ಹುಟ್ಟಿದ್ದು 1970ರ ಏಪ್ರಿಲ್ 7ರಂದು, ನಾರ್ವೆಯ ಪಶ್ಚಿಮ ಕರಾವಳಿಯ ಕಾರ್ಮೊಯ್ ಅನ್ನೋ ದ್ವೀಪದಲ್ಲಿ. ಸುತ್ತ ಸಮುದ್ರ, ಮೀನುಗಾರಿಕೆ, ಜಾಸ್ತಿ ಗಾಳಿ. ಪಿಯಾನೋ ದಿಗ್ಗಜರು ಹುಟ್ಟುವ ಊರು ಅಂತ ಯಾರೂ ಹೇಳುವಂಥ ಜಾಗ ಅಲ್ಲ. ಆದರೆ ಅಪ್ಪ ಅಮ್ಮ ಇಬ್ಬರೂ ಸಂಗೀತ ಹೇಳಿಕೊಡುತ್ತಿದ್ದವರು. ಮನೆಯಲ್ಲಿ ಪಿಯಾನೋ ಇತ್ತು, ಹುಡುಗ ಚಿಕ್ಕಂದಿನಲ್ಲೇ ಅದರ ಮುಂದೆ ಕೂತ.

ತಿರುವು ಬಂದಿದ್ದು ಹದಿಹರೆಯದಲ್ಲಿ. ಬರ್ಗನ್ ನಗರದ ಸಂಗೀತ ಶಾಲೆಯಲ್ಲಿ ಯಿರಿ ಹ್ಲಿಂಕಾ ಅಂತ ಒಬ್ಬ ಗುರು ಇದ್ದರು, ಜೆಕ್ ದೇಶದಿಂದ ಬಂದು ನಾರ್ವೆಯಲ್ಲಿ ನೆಲೆಸಿದವರು. ಅವರ ಹತ್ತಿರ ಸೇರಿಕೊಂಡ ಮೇಲೆ ಕೈ ಮಾತ್ರ ಅಲ್ಲ, ಕಿವಿಯೂ ಬದಲಾಯಿತು. ಯಾನಾಚೆಕ್ ತರದ ಜೆಕ್ ಸಂಗೀತಗಾರರ ರಚನೆಗಳು ಆನ್ಸ್‌ನೆಸ್ ಅವರ ಮೊದಮೊದಲ ರೆಕಾರ್ಡುಗಳಲ್ಲೇ ಕಾಣಿಸಿಕೊಂಡವು. ನಾರ್ವೆಯ ಹುಡುಗ ಇಪ್ಪತ್ತರ ಆಸುಪಾಸಿನಲ್ಲಿ ಯಾನಾಚೆಕ್ ನುಡಿಸುತ್ತಿದ್ದಾನೆ ಅಂದರೆ ಅದರ ಹಿಂದೆ ಗುರು ಇದ್ದಾರೆ ಅಂತ ಬೇರೆ ಹೇಳಬೇಕಾಗಿಲ್ಲ. 2022ರಲ್ಲಿ ಅವರು ಇನ್ನೊಬ್ಬ ಜೆಕ್ ಸಂಗೀತಗಾರ ದ್ವೋರ್ಜಾಕ್ ಸ್ವರಗಳಲ್ಲೇ ಚಿತ್ರ ಬಿಡಿಸಿದಂತೆ ಬರೆದ 13 ಪಿಯಾನೋ ರಚನೆಗಳ ಇಡೀ ಕಟ್ಟನ್ನು ರೆಕಾರ್ಡ್ ಮಾಡಿದರು. ದ್ವೋರ್ಜಾಕ್‌ನ ಸಿಂಫನಿಗಳನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ರಚನೆಗಳನ್ನು, ಎಲ್ಲರೂ ಕೇಳುತ್ತಾರೆ, ಪಿಯಾನೋ ರಚನೆಗಳನ್ನು ಮಾತ್ರ ಹೆಚ್ಚಿನವರು ಮುಟ್ಟುವುದೇ ಇಲ್ಲ. ಗುರುವಿನ ಪ್ರಭಾವ ಎಷ್ಟು ದೂರ ಬಂದಿದೆ ನೋಡಿ.

1987ರಲ್ಲಿ ಓಸ್ಲೋದಲ್ಲಿ ಮೊದಲ ದೊಡ್ಡ ಕಛೇರಿ. 1989ರಲ್ಲಿ ಎಡಿನ್‌ಬರೊ ಉತ್ಸವ, ಓಸ್ಲೋ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ, ನಿರ್ದೇಶಕರು ಮಾರಿಸ್ ಯಾನ್ಸನ್ಸ್. ಆಮೇಲೆ ನಿಂತಿಲ್ಲ. ಆದರೂ ನನಗೆ ಹಿಡಿಸಿದ ವಿಷಯ ಬೇರೆ. ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗಿ ಮನೆ ಮಾಡಬಹುದಿತ್ತು, ಇವರು ಸಂಗಾತಿ ಮತ್ತು ಮೂವರು ಮಕ್ಕಳ ಜೊತೆ ಬರ್ಗನ್ನಿನಲ್ಲೇ ಇದ್ದಾರೆ.

ಪ್ರಶ್ನೆ: ನನ್ನ ಮಗ ಪಿಯಾನೋ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು ಬಂದಿದ್ದಾನೆ. ಈ ವರ್ಷ ಒಂದು ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂತು ಅಂತ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಸ್ಪರ್ಧೆ ಗೆಲ್ಲದೆ ಈ ರಂಗದಲ್ಲಿ ಮೇಲೆ ಬರೋದು ಸಾಧ್ಯವಾ?
(ಹುಬ್ಬಳ್ಳಿಯ ತಾಯಿ)

ಉತ್ತರ: ಅಮ್ಮಾ, ಮಗನಿಗೆ ಇದೊಂದನ್ನು ಓದಿ ಹೇಳಿ. 1988ರಲ್ಲಿ ಯೂರೋಪಿನ ದೇಶಗಳ ಎಳೆಯ ಕಲಾವಿದರಿಗಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯೂರೋವಿಷನ್ ಸ್ಪರ್ಧೆ ನಡೆಯಿತು. ನಾರ್ವೆಯಿಂದ ಹೋಗಿದ್ದು ಆನ್ಸ್‌ನೆಸ್. ಗೆದ್ದಿದ್ದು ಆಸ್ಟ್ರಿಯಾದ ಪಿಟೀಲು ಹುಡುಗ ಯೂಲಿಯನ್ ರಾಖ್ಲಿನ್. ನಮ್ಮವರಿಗೆ ಎರಡನೇ ಸ್ಥಾನ.

ಪಿಯಾನೋ ಲೋಕದಲ್ಲಿ ವಾರ್ಸಾದ ಶೋಪಾನ್ ಸ್ಪರ್ಧೆ, ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆ ಅಂತ ಭಾರೀ ಹೆಸರುಗಳಿವೆ. ಅಲ್ಲಿ ಚಿನ್ನ ಗೆದ್ದರೆ ರಾತ್ರೋರಾತ್ರಿ ಜಗತ್ತಿಗೆ ಪರಿಚಯ. ಆನ್ಸ್‌ನೆಸ್ ಆ ಬಾಗಿಲಿನಿಂದ ಒಳಗೆ ಬಂದವರಲ್ಲ. ಕಛೇರಿ ಕೇಳಿದವರು ಮತ್ತೆ ಕರೆದರು, ಅವರನ್ನು ನೋಡಿ ಇನ್ನೊಬ್ಬರು ಕರೆದರು, ಒಂದು ರೆಕಾರ್ಡ್ ಚೆನ್ನಾಗಿ ಬಂತು, ಇನ್ನೊಂದು ಬಂತು, ಅಷ್ಟೇ.

ಆಮೇಲೆ 1998ರಲ್ಲಿ ಅವರಿಗೆ ಗಿಲ್ಮೋರ್ ಪ್ರಶಸ್ತಿ ಬಂತು. ಇದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಮಿಷಿಗನ್ ರಾಜ್ಯದ ಕಲಾಮಜೂ ಅನ್ನೋ ಊರಿನ ಸಂಸ್ಥೆ ಕೊಡೋದು, ನಾಲ್ಕು ವರ್ಷಕ್ಕೊಮ್ಮೆ, ಒಬ್ಬ ಪಿಯಾನೋ ವಾದಕರಿಗೆ. ಅರ್ಜಿ ಇಲ್ಲ. ಸುತ್ತುಗಳಿಲ್ಲ. ವೇದಿಕೆ ಮೇಲೆ ಅಂಕ ಹಾಕುವವರಿಲ್ಲ. ಯಾರೋ ಹೆಸರು ಸೂಚಿಸುತ್ತಾರೆ, ತೀರ್ಪುಗಾರರು ಟಿಕೆಟ್ ತಗೊಂಡು ಸಾಮಾನ್ಯ ಪ್ರೇಕ್ಷಕರ ತರ ಕಛೇರಿಗಳಿಗೆ ಹೋಗಿ ಹಿಂದೆ ಕೂತು ಕೇಳುತ್ತಾರೆ, ರೆಕಾರ್ಡುಗಳನ್ನು ಕೇಳುತ್ತಾರೆ, ನುಡಿಸುವವರಿಗೆ ತಾವು ಪರೀಕ್ಷೆಯಲ್ಲಿ ಇದ್ದೇವೆ ಅನ್ನೋದೇ ಗೊತ್ತಿರೋದಿಲ್ಲ. ಒಂದು ದಿನ ಫೋನ್ ಬರುತ್ತೆ, ನಿಮಗೆ ಬಂದಿದೆ ಅಂತ. ಮೊತ್ತ 3 ಲಕ್ಷ ಡಾಲರ್. ಅದರಲ್ಲಿ 50 ಸಾವಿರ ಕೈಗೆ, ಉಳಿದದ್ದು ಸಂಗೀತದ ಕೆಲಸಗಳಿಗೆ ಖರ್ಚು ಮಾಡಬೇಕು.

ಸ್ಪರ್ಧೆಯ ದಿನ ಚೆನ್ನಾಗಿ ನುಡಿಸೋದು ಒಂದು ವಿದ್ಯೆ. ಯಾವುದೋ ಊರಿನಲ್ಲಿ, ನೆಗಡಿ ಇರುವ ದಿನ, ಅರ್ಧ ತುಂಬಿದ ಸಭೆಯ ಮುಂದೆ ಅಷ್ಟೇ ಚೆನ್ನಾಗಿ ನುಡಿಸೋದು ಇನ್ನೊಂದು. ಗಿಲ್ಮೋರ್‌ನವರು ಹುಡುಕೋದು ಎರಡನೆಯದನ್ನ. ಮಗನಿಗೆ ಸ್ಪರ್ಧೆ ಬೇಡ ಅಂತ ನಾನು ಹೇಳ್ತಿಲ್ಲ. ಹೋಗಲಿ, ನುಡಿಸಲಿ. ಆದರೆ ಎರಡನೇ ಸ್ಥಾನಕ್ಕೆ ವಾರಗಟ್ಟಲೆ ಮುಖ ಊದಿಸೋದು ಸ್ವಲ್ಪ ಜಾಸ್ತಿಯೇ ಆಯ್ತು ಅಲ್ವಾ?

ಪ್ರಶ್ನೆ: ನಾರ್ವೆಯವರು ಅಂದಮೇಲೆ ಗ್ರೀಗ್ ನುಡಿಸಲೇಬೇಕು ಅಂತ ಏನಾದರೂ ಕಾನೂನು ಇದೆಯಾ? ಎಲ್ಲಿ ನೋಡಿದರೂ ಆನ್ಸ್‌ನೆಸ್ ಜೊತೆ ಆ ಹೆಸರೇ ಬರುತ್ತೆ.
(ಮಂಗಳೂರಿನ ಓದುಗರು)

ಉತ್ತರ: ಕಾನೂನು ಇಲ್ಲ, ಆದರೆ ತಪ್ಪಿಸಿಕೊಳ್ಳೋದು ಕಷ್ಟ. ಎಡ್ವರ್ಡ್ ಗ್ರೀಗ್ ಹುಟ್ಟಿದ್ದು ಬರ್ಗನ್ನಿನಲ್ಲಿ, 1843ರಲ್ಲಿ. ನಾರ್ವೆಗೆ ಸಂಗೀತದ ನಕ್ಷೆಯಲ್ಲಿ ಜಾಗ ಕೊಡಿಸಿದವನು. ಅವನ ಒಂದೇ ಒಂದು ಪಿಯಾನೋ ಕಾಂಚೆರ್ಟೊ, ಅಂದರೆ ಪಿಯಾನೋ ಮತ್ತು ವಾದ್ಯವೃಂದಕ್ಕೆ ಸೇರಿಸಿ ಬರೆದ ದೊಡ್ಡ ರಚನೆ, ಎ ಮೈನರ್ ಅನ್ನೋ ಶ್ರುತಿಯಲ್ಲಿದೆ. 1868ರ ಬೇಸಿಗೆಯಲ್ಲಿ, ಹೆಂಡತಿ ಮತ್ತು ಹಸುಗೂಸಿನ ಜೊತೆ ಡೆನ್ಮಾರ್ಕಿನಲ್ಲಿದ್ದಾಗ ಬರೆದದ್ದು. ವಯಸ್ಸು 25 ತುಂಬುವುದರಲ್ಲಿತ್ತು. ಮುಂದಿನ ವರ್ಷ ಕೋಪನ್‌ಹೇಗನ್ನಿನಲ್ಲಿ ಮೊದಲ ಪ್ರದರ್ಶನ.

ಅದರ ಶುರುವಾತು ಕೇಳಿದರೆ ನಿಮಗೆ "ಓ ಇದಾ!" ಅನ್ನಿಸುತ್ತೆ. ಮೊದಲು ಟಿಂಪನಿ ಅಂತ ದೊಡ್ಡ ನಗಾರಿಯ ಗುಡುಗು, ಮೆಲ್ಲಗೆ ಶುರುವಾಗಿ ಜೋರಾಗುತ್ತೆ. ತಕ್ಷಣ ಪಿಯಾನೋ ಮೇಲಿನ ಸ್ವರಗಳಿಂದ ಕೆಳಗಿನವರೆಗೆ ಧುಮುಕುತ್ತೆ. ಮೊದಲು ಅರ್ಧ ಮೆಟ್ಟಿಲು ಕೆಳಕ್ಕೆ, ಆಮೇಲೆ ಇನ್ನೊಂದು ದೊಡ್ಡ ಮೆಟ್ಟಿಲು ಕೆಳಕ್ಕೆ. ಈ ಎರಡು ಹೆಜ್ಜೆ ಗ್ರೀಗ್‌ನ ಬಹಳಷ್ಟು ರಚನೆಗಳಲ್ಲಿ ಸಿಗುತ್ತೆ, ನಾರ್ವೆಯ ಜನಪದ ಹಾಡುಗಳಲ್ಲೂ ಇದೆ. ಕೊನೆಯ ಭಾಗ ಹಳ್ಳಿಯ ಗಂಡಸರು ಹಾರಿ ಹಾರಿ ಕುಣಿಯುವ ಹಾಲಿಂಗ್ ನೃತ್ಯದ ಲಯದಲ್ಲಿದೆ.

1870ರಲ್ಲಿ ಗ್ರೀಗ್ ಇದರ ಕೈಬರಹ ಹಿಡಿದುಕೊಂಡು ರೋಮ್‌ನಲ್ಲಿ ಫ್ರಾಂಜ್ ಲಿಸ್ಟ್ ಹತ್ತಿರ ಹೋದ. ಆ ಕಾಲದ ಪಿಯಾನೋ ಚಕ್ರವರ್ತಿ ಲಿಸ್ಟ್. ಹಿಂದೆ ಯಾವತ್ತೂ ನೋಡಿರದ ಹಾಳೆಗಳನ್ನು ಮುಂದೆ ಇಟ್ಟುಕೊಂಡು ಅಲ್ಲೇ ಪೂರ್ತಿ ನುಡಿಸಿಬಿಟ್ಟ. ಕೊನೆಯಲ್ಲಿ ಎಲ್ಲರೂ ಜಿ ಶಾರ್ಪ್ ಅನ್ನೋ ಸ್ವರ ಬರುತ್ತೆ ಅಂದುಕೊಳ್ಳುವ ಜಾಗದಲ್ಲಿ ಗ್ರೀಗ್ ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನ ಬರೀ ಜಿ ಇಟ್ಟಿದ್ದಾನೆ. ಅಲ್ಲಿಗೆ ಬಂದಾಗ ಲಿಸ್ಟ್ ಎದ್ದು ನಿಂತು, ಆ ಸ್ವರದ ಹೆಸರು ಕೂಗುತ್ತಾ ಕೋಣೆ ತುಂಬಾ ಓಡಾಡಿದ ಅಂತ ಗ್ರೀಗ್ ಮನೆಗೆ ಬರೆದ ಪತ್ರದಲ್ಲಿದೆ. ಒಂದೇ ಒಂದು ಸ್ವರಕ್ಕೆ!

ಆನ್ಸ್‌ನೆಸ್ ಈ ಕಾಂಚೆರ್ಟೊವನ್ನು ಇಪ್ಪತ್ತರ ಪ್ರಾಯದಲ್ಲೇ ಬರ್ಗನ್ ಫಿಲ್‌ಹಾರ್ಮೋನಿಕ್ ಜೊತೆ ರೆಕಾರ್ಡ್ ಮಾಡಿದರು. ಸುಮಾರು ಹದಿಮೂರು ವರ್ಷ ಬಿಟ್ಟು ಇನ್ನೊಮ್ಮೆ, ಈ ಸಲ ಬರ್ಲಿನ್ ಫಿಲ್‌ಹಾರ್ಮೋನಿಕ್, ನಿರ್ದೇಶನ ಅದೇ ಯಾನ್ಸನ್ಸ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೊದಲನೆಯದರಲ್ಲಿ ಹುಡುಗನ ಆತುರ ಇದೆ, ಅದು ನನಗೆ ಇಷ್ಟ. ಎರಡನೆಯದರಲ್ಲಿ ನಡುವಿನ ನಿಧಾನದ ಭಾಗವನ್ನು ಎಷ್ಟು ಬಿಡಿಸಿ ಬಿಡಿಸಿ ನುಡಿಸುತ್ತಾರೆ ಅಂದರೆ, ಆ ಭಾಗಕ್ಕಾಗಿಯೇ ನಾನು ಅದನ್ನು ಮತ್ತೆ ಹಾಕುತ್ತೇನೆ.

ಹಾಗಂತ ನಾರ್ವೆ ಅಂದರೆ ಗ್ರೀಗ್ ಒಬ್ಬನೇ ಅಲ್ಲ, ಅದನ್ನೂ ಆನ್ಸ್‌ನೆಸ್ ತೋರಿಸಿದ್ದಾರೆ. ಗೈರ್ ತ್ವೈಟ್ ಅಂತ ಒಬ್ಬ ಸಂಗೀತಗಾರ ಹಾರ್ಡಾಂಗರ್ ಕಡೆ ಇದ್ದ. 1970ರಲ್ಲಿ ಅವನ ತೋಟದ ಮನೆಗೆ ಬೆಂಕಿ ಬಿದ್ದು, ಜೀವಮಾನದ ಕೈಬರಹಗಳಲ್ಲಿ ಹೆಚ್ಚಿನ ಪಾಲು ಸುಟ್ಟು ಹೋಯಿತು. ಅವನ ಪಿಯಾನೋ ಸೊನಾಟಾಗಳಲ್ಲಿ, ಅಂದರೆ ಪಿಯಾನೋ ಒಂದಕ್ಕೇ ಬರೆದ ದೊಡ್ಡ ರಚನೆಗಳಲ್ಲಿ, ಇವತ್ತು ನಮಗೆ ಸಿಗೋದು 29ನೆಯದು ಒಂದೇ. ಆ ಕಷ್ಟದ ರಚನೆಯನ್ನು ಆನ್ಸ್‌ನೆಸ್ ಈಚೆಗೆ ತಮ್ಮ ಕಛೇರಿಗಳಲ್ಲಿ ನುಡಿಸುತ್ತಿದ್ದಾರೆ. ಬೆಂಕಿಯಲ್ಲಿ ಉಳಿದಿದ್ದು ಇದು ಅಂತ ಗೊತ್ತಾದ ಮೇಲೆ ಸುಮ್ನೆ ಕೇಳೋಕೆ ಆಗಲ್ಲ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿತವಳು. ಪಿಯಾನೋದಲ್ಲಿ ಗಮಕ ಬರುತ್ತಾ?
(ತುಮಕೂರಿನ ವೀಣೆ ಟೀಚರ್)

ಉತ್ತರ: ಬರಲ್ಲ ಮೇಡಂ. ಕೀ ಒತ್ತಿದರೆ ಒಳಗೆ ಒಂದು ಸುತ್ತಿಗೆ ತಂತಿಗೆ ಹೊಡೆದು ವಾಪಸ್ ಬರುತ್ತೆ. ಆಮೇಲೆ ಆ ಸ್ವರವನ್ನು ಎಳೆಯೋಕೂ ಆಗಲ್ಲ, ನಡುಗಿಸೋಕೂ ಆಗಲ್ಲ, ದೊಡ್ಡದು ಮಾಡೋಕೂ ಆಗಲ್ಲ. ಹುಟ್ಟಿದ ಕ್ಷಣದಿಂದ ಸಾಯುತ್ತಾ ಹೋಗುತ್ತೆ. ಹಾಗಾಗಿ ಪಿಯಾನೋದವರ ಕಲೆಯೆಲ್ಲ ಇರೋದು ಎಷ್ಟು ಭಾರ ಹಾಕಿ ಒತ್ತಬೇಕು, ಯಾವಾಗ ಬಿಡಬೇಕು, ಕಾಲಿನ ಪೆಡಲ್ ಎಷ್ಟು ಇಳಿಸಬೇಕು ಅನ್ನೋದರಲ್ಲಿ. ಸಾಯುತ್ತಿರುವ ಸ್ವರದ ಬಾಲಕ್ಕೆ ಮುಂದಿನ ಸ್ವರವನ್ನು ಅದೇ ತೂಕದಲ್ಲಿ ತಂದು ಸೇರಿಸಿದರೆ ಕಿವಿಗೆ ಹಾಡಿದಂತೆ ಕೇಳುತ್ತೆ. ಆನ್ಸ್‌ನೆಸ್ ಈ ಕೆಲಸದಲ್ಲಿ ಪಳಗಿದವರು. ಟೆನರ್ ಗಾಯಕ ಇಯಾನ್ ಬಾಸ್ಟ್ರಿಜ್ ಜೊತೆ ಅವರು ನುಡಿಸಿರುವ ಶೂಬರ್ಟ್ ಹಾಡುಗಳನ್ನು ಕೇಳಿ ನೋಡಿ. ಗಾಯಕರ ಜೊತೆ ಕೂತವರಿಗೆ ಉಸಿರು ಎಲ್ಲಿ ತಗೋಬೇಕು ಅಂತ ಬೆರಳಿಗೂ ಗೊತ್ತಾಗುತ್ತೆ.

ಪ್ರಶ್ನೆ: ಯಾವುದೋ ಹೋಟೆಲ್ ಲಿಫ್ಟ್‌ನಲ್ಲಿ ಬೀಥೋವನ್ ಕೇಳಿಸಿತು ಅಂತ ವರ್ಷಗಟ್ಟಲೆ ಬೀಥೋವನ್ನೇ ನುಡಿಸಿಕೊಂಡು ಊರೂರು ತಿರುಗಿದರಂತೆ. ಇದು ನಿಜವಾ ಅಥವಾ ಪ್ರಚಾರಕ್ಕೆ ಕಟ್ಟಿದ ಕಥೆಯಾ?
(ಬೆಂಗಳೂರಿನ ಓದುಗರು)

ಉತ್ತರ: ನಿಜ, ಅವರೇ ಹೇಳಿಕೊಂಡಿದ್ದಾರೆ. ಬ್ರೆಜಿಲ್ ದೇಶದ ಸಾವ್ ಪಾಲೊ ನಗರದಲ್ಲಿ ಕಛೇರಿಗೆ ಹೋಗಿದ್ದಾಗ ಇಳಿದುಕೊಂಡಿದ್ದ ಹೋಟೆಲ್‌ನ ಲಿಫ್ಟ್‌ನಲ್ಲಿ ಬೀಥೋವನ್‌ನ ಮೊದಲ ಎರಡು ಪಿಯಾನೋ ಕಾಂಚೆರ್ಟೊಗಳನ್ನು ಹಾಕಿದ್ದರು. ಹತ್ತಿದರೆ ಅದೇ, ಇಳಿದರೆ ಅದೇ. ನಮಗಾದರೆ ಎರಡನೇ ದಿನಕ್ಕೆ ಮೆಟ್ಟಿಲು ಹತ್ತಿ ಹೋಗೋಣ ಅನ್ನಿಸುತ್ತಿತ್ತು. ಇವರಿಗೆ ಉಲ್ಟಾ ಆಯಿತು. ಲಿಫ್ಟ್‌ನಲ್ಲಿ ಕೇಳಿದರೂ ಈ ಸಂಗೀತ ಹಳಸುತ್ತಿಲ್ಲವಲ್ಲ ಅಂತ ಬೆರಗಾಗಿ, ಐದೂ ಕಾಂಚೆರ್ಟೊಗಳನ್ನು ಹಿಡಿದುಕೊಂಡು ಕೂತರು.

ಅದು ನಾಲ್ಕು ವರ್ಷದ ಕೆಲಸ ಆಯಿತು. ಜೊತೆಗೆ ಮಾಲರ್ ಚೇಂಬರ್ ಆರ್ಕೆಸ್ಟ್ರಾ, ಒಂದೇ ಊರಿಗೆ ಸೇರಿರದ, ಬೇರೆ ಬೇರೆ ದೇಶಗಳ ಕಲಾವಿದರು ಕೂಡಿ ಕಟ್ಟಿಕೊಂಡ ವಾದ್ಯವೃಂದ. 2015ಕ್ಕೆ ಈ ಬೀಥೋವನ್ ಯಾತ್ರೆ ಮುಗಿಯುವ ಹೊತ್ತಿಗೆ 27 ದೇಶ, 108 ಊರು, 230ಕ್ಕೂ ಹೆಚ್ಚು ಕಛೇರಿ. ಮೂರು ಆಲ್ಬಮ್.

ಇದರಲ್ಲಿ ಕಂಡಕ್ಟರ್, ಅಂದರೆ ಮುಂದೆ ನಿಂತು ಕೋಲು ಹಿಡಿದು ವಾದ್ಯವೃಂದವನ್ನು ನಡೆಸುವವರು, ಇರಲಿಲ್ಲ ಅನ್ನೋದು ನೋಡಬೇಕಾದ ವಿಷಯ. ಸಾಮಾನ್ಯವಾಗಿ ಪಿಯಾನೋ ಅಡ್ಡಡ್ಡ ಇರುತ್ತೆ, ವಾದಕರ ಒಂದು ಪಕ್ಕ ನಮಗೆ ಕಾಣುತ್ತೆ, ಮೇಲಿನ ಮುಚ್ಚಳ ಸಭೆಯ ಕಡೆಗೆ ತೆರೆದಿರುತ್ತೆ. ಇಲ್ಲಿ ಮುಚ್ಚಳ ತೆಗೆದೇ ಇಡುತ್ತಾರೆ. ಪಿಯಾನೋದ ಉದ್ದನೆ ಬಾಲ ವಾದ್ಯವೃಂದದ ಒಳಗೆ ನುಗ್ಗಿರುತ್ತೆ, ಆನ್ಸ್‌ನೆಸ್ ನಮಗೆ ಬೆನ್ನು ಹಾಕಿ ಕೂತಿರುತ್ತಾರೆ. ಎರಡೂ ಕೈ ಖಾಲಿ ಇದ್ದಾಗ ಎದ್ದು ಕೈ ಬೀಸಿ ನಡೆಸುತ್ತಾರೆ. ಕೈ ಖಾಲಿ ಇಲ್ಲದಾಗ ತಲೆ, ಹುಬ್ಬು, ಉಸಿರು. ಉಳಿದದ್ದು ಪಿಟೀಲಿನವರು ಕಿವಿಯಿಂದಲೇ ಹಿಡಿದುಕೊಳ್ಳಬೇಕು.

ನಾಲ್ಕನೇ ಕಾಂಚೆರ್ಟೊದ ಮೊದಲ ನಿಮಿಷ ಇದಕ್ಕೆ ಒಳ್ಳೇ ಉದಾಹರಣೆ. ಆ ಕಾಲದ ರೂಢಿ ಅಂದರೆ ವಾದ್ಯವೃಂದ ಮೊದಲು ಸಾಕಷ್ಟು ಹೊತ್ತು ನುಡಿಸಿ ದಾರಿ ಮಾಡಿಕೊಟ್ಟ ಮೇಲೆ ಪಿಯಾನೋ ಬರಬೇಕು. ಬೀಥೋವನ್ ಅದನ್ನು ತಿರುಗಿಸಿ, ಪಿಯಾನೋ ಒಂದರಿಂದಲೇ, ಅದೂ ಮೆತ್ತಗೆ, ತಾಳದ ಐದೇ ಐದು ಆವರ್ತದಷ್ಟು ಚಿಕ್ಕ ಒಂದು ಮಾತಿನಿಂದ ಶುರು ಮಾಡಿದ. ಅದಕ್ಕೆ ತಂತಿವಾದ್ಯಗಳು ಉತ್ತರ ಕೊಡೋದು ಪೂರ್ತಿ ಬೇರೆ ಶ್ರುತಿಯಲ್ಲಿ. ಪಿಯಾನೋ ಜಿ ಮೇಜರ್‌ನಲ್ಲಿ ಕೇಳಿದರೆ ಅವು ಬಿ ಮೇಜರ್‌ನಲ್ಲಿ ಹೇಳುತ್ತವೆ. ನಡುವೆ ಕೋಲು ಹಿಡಿದ ಮೂರನೆಯವರು ಇಲ್ಲದೆ ಇದ್ದಾಗ ಈ ಕೇಳಿ ಹೇಳುವ ಆಟ ಎಷ್ಟು ಹತ್ತಿರದ್ದಾಗಿ ಕೇಳುತ್ತೆ ಅಂತ 2014ರ ರೆಕಾರ್ಡಿನಲ್ಲಿ ನೋಡಿ. 1808ರ ಡಿಸೆಂಬರ್ 22ರಂದು ವಿಯೆನ್ನಾದ ಚಳಿಯಲ್ಲಿ, ನಾಲ್ಕು ಗಂಟೆ ನಡೆದ ಕಛೇರಿಯಲ್ಲಿ ಇದನ್ನು ಬೀಥೋವನ್ ಸ್ವತಃ ನುಡಿಸಿದ್ದ. ಐದನೆಯದು ಬರುವ ಹೊತ್ತಿಗೆ ಕಿವಿ ತುಂಬಾ ಹಾಳಾಗಿತ್ತು, ಅದನ್ನು ಬೇರೆಯವರೇ ನುಡಿಸಬೇಕಾಯಿತು.

ಅದೇ ಕಾರಣಕ್ಕೋ ಏನೋ, ಈ ಯಾತ್ರೆಯ ಜೊತೆಗೆ ಕಿವಿ ಕೇಳಿಸದ ಮಕ್ಕಳಿಗಾಗಿ ಒಂದು ಕಾರ್ಯಕ್ರಮವನ್ನೂ ಆರ್ಕೆಸ್ಟ್ರಾದವರು ನಡೆಸಿದರು. ಮಕ್ಕಳು ವಾದ್ಯಗಳ ನಡುವೆಯೇ ಬಂದು ಕೂರುತ್ತಾರೆ, ಪಿಯಾನೋ, ಸೆಲ್ಲೋ ಮೈಮೇಲೆ ಕೈ ಇಟ್ಟು ಮರ ನಡುಗೋದನ್ನ ಮುಟ್ಟಿ ನೋಡುತ್ತಾರೆ. ಪ್ರಚಾರದ ಕಥೆ ಅಂತ ಅನುಮಾನ ಪಟ್ಟಿರಿ, ಅದಕ್ಕೆ ಇದನ್ನೂ ಹೇಳಿದೆ.

ಪ್ರಶ್ನೆ: ಪಿಯಾನೋವನ್ನು ನೀರಿನಲ್ಲಿ ಮುಳುಗಿಸಿದ ವಿಡಿಯೋ ಇವರದೇ ಅಲ್ವಾ? ಕಲಿಯೋಕೆ ಒಂದು ಕೀಬೋರ್ಡ್ ಇಲ್ಲದೆ ಎಷ್ಟು ಮಕ್ಕಳಿದ್ದಾರೆ. ಇದು ದುಂದು.
(ದಾವಣಗೆರೆಯ ಓದುಗರು)

ಉತ್ತರ: ಇವರದೇ. 2009ರಲ್ಲಿ ದಕ್ಷಿಣ ಆಫ್ರಿಕಾದ ಕಲಾವಿದ ರಾಬಿನ್ ರೋಡ್ ಜೊತೆ ಸೇರಿ ರಷ್ಯಾದ ಮುಸೋರ್ಗ್‌ಸ್ಕಿ ಒಂದು ಚಿತ್ರಪ್ರದರ್ಶನದ ಮೇಲೆ ಬರೆದ ಪಿಯಾನೋ ರಚನೆಗಳನ್ನು ಪರದೆ ಮೇಲಿನ ದೃಶ್ಯಗಳ ಜೊತೆ ನುಡಿಸಿದರು. ಕೊನೆಗೆ ಬರ್ಗನ್ನಿನ ಹಡಗುಕಟ್ಟೆಯಲ್ಲಿ ಒಂದು ಗ್ರ್ಯಾಂಡ್ ಪಿಯಾನೋ ಇಟ್ಟು ನೀರು ಬಿಟ್ಟು ಮುಳುಗಿಸುವ ದೃಶ್ಯ ಇದೆ. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ, ಮತ್ತು ನಿಮ್ಮ ಪಕ್ಷವೇ ನನ್ನದೂ. ಕೊನೆಯ ತುಣುಕಾದ 'ಕೀವ್‌ನ ಮಹಾದ್ವಾರ'ದ ಅಷ್ಟು ದೊಡ್ಡ ಸಂಗೀತ ಕೇಳಿಸುತ್ತಿರುವಾಗ ಕಣ್ಣು ಮಾತ್ರ ಪಾಪ ಆ ಪಿಯಾನೋ ಅಂತ ನೋಡುತ್ತಾ ಇರುತ್ತೆ.

ಗ್ರೀಗ್ ತೀರಿಕೊಂಡು ನೂರು ವರ್ಷ ಆದ 2007ರಲ್ಲಿ ಮಾಡಿದ್ದು ಇದಕ್ಕಿಂತ ವಾಸಿ. ಹೆಲಿಕಾಪ್ಟರಿಗೆ ಪಿಯಾನೋ ತೂಗುಹಾಕಿ ಬರ್ಗನ್ ಹತ್ತಿರದ ಬೆಟ್ಟದ ಮೇಲೆ ಇಳಿಸಿ, ಬಯಲಿನಲ್ಲಿ ಕೂತು ನುಡಿಸಿದರು. ಆ ವರ್ಷ ಅವರು ಕೈಗೆತ್ತಿಕೊಂಡಿದ್ದು ಗ್ರೀಗ್‌ನ ಬಲ್ಲಾಡ್ ಅನ್ನೋ ಪಿಯಾನೋ ರಚನೆ, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹೊತ್ತಿನಲ್ಲಿ ಬರೆದದ್ದು. ಅದನ್ನು ಸಭೆಯಲ್ಲಿ ನುಡಿಸೋಕೆ ಗ್ರೀಗ್‌ಗೆ ಮನಸ್ಸೇ ಬರಲಿಲ್ಲ. ಆ ಪಿಯಾನೋ ಬೆಟ್ಟದಿಂದ ಇಳಿದು ಬಂತು, ನೀವು ನಿಶ್ಚಿಂತೆಯಿಂದ ಇರಿ.

ಪ್ರಶ್ನೆ: ನಾವು ಸ್ಟಾವಂಗರ್‌ನಲ್ಲಿರುವ ಕನ್ನಡದವರು, ಕೆಲಸದ ಮೇಲೆ ಬಂದು ನೆಲೆಸಿದ್ದೇವೆ. ಇವರನ್ನು ಎಲ್ಲಿ ಕೇಳಬಹುದು?
(ನಾರ್ವೆಯಿಂದ ಓದುಗರು)

ಉತ್ತರ: ನೀವೇ ನನಗೆ ಹೇಳಬೇಕಾದವರು! ಕಾರ್ಮೊಯ್ ನಿಮಗೆ ಪಕ್ಕದಲ್ಲೇ ಇದೆ. ಆಗಸ್ಟ್‌ನಲ್ಲಿ ಬಿಡುವು ಮಾಡಿಕೊಂಡು ಹಾರ್ಡಾಂಗರ್ ಫಿಯೋರ್ಡಿನ ದಡದ ರೋಸೆಂಡಾಲ್‌ಗೆ ಹೋಗಿ. ಅಲ್ಲಿ 1660ರ ದಶಕದಲ್ಲಿ ಕಟ್ಟಿದ ಒಂದು ಜಮೀನ್ದಾರಿ ಬಂಗಲೆ ಇದೆ, ಹಿಂದೆ ಬೆಟ್ಟ, ಮುಂದೆ ಗುಲಾಬಿ ತೋಟ. 2016ರಲ್ಲಿ ಆನ್ಸ್‌ನೆಸ್ ಅಲ್ಲಿ ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದಕರು ಕೂಡಿ ನುಡಿಸುವ ಸಂಗೀತದ, ಉತ್ಸವ ಶುರು ಮಾಡಿದರು. ದೊಡ್ಡ ಕಛೇರಿಗಳು ನಡೆಯೋದು ಸಭಾಂಗಣ ಮಾಡಿಕೊಂಡಿರುವ ಹಳೇ ಕೊಟ್ಟಿಗೆ ಕಟ್ಟಡದಲ್ಲಿ. ಜಗತ್ತಿನ ನಾನಾ ಕಡೆಯ ಸ್ನೇಹಿತರನ್ನು ಕರೆಸಿ, ಒಂದು ವಿಷಯ ಇಟ್ಟುಕೊಂಡು ಕೆಲವು ದಿನ ಜೊತೆಗೆ ನುಡಿಸುತ್ತಾರೆ.

ಇದಕ್ಕೂ ಮೊದಲು ಸುಮಾರು ಎರಡು ದಶಕ ದಕ್ಷಿಣದ ರೀಸೊರ್ ಅನ್ನೋ ಊರಿನ ಉತ್ಸವ ನಡೆಸಿದವರು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ ನುಡಿಸುವ ಲಾರ್ಸ್ ಆಂಡರ್ಸ್ ಟೋಮ್ಟರ್ ಜೊತೆಗೂಡಿ. ಬಿಳಿ ಮರದ ಮನೆಗಳ ಬಂದರು ಊರು, ಕಛೇರಿ ಹಳೇ ಮರದ ಚರ್ಚಿನಲ್ಲಿ. ಕಾರ್ನೆಗಿ ಹಾಲ್, ಬರ್ಲಿನ್ ಅಂತ ಸುತ್ತುವವರು ಬೇಸಿಗೆ ಬಂದರೆ ಇಂಥ ಸಣ್ಣ ಊರಿಗೆ ಬಂದು ಕೂರುತ್ತಾರೆ. ನಾನು ಮೊದಲಿಗೆ ಅವರ ಹೆಸರು ಹೇಳಿದ್ದಕ್ಕೆ ಒಂದು ಕಾರಣ ಇದೇ. ದೊಡ್ಡ ಊರು ತಮ್ಮನ್ನು ಕರೆಸಿಕೊಳ್ಳಲಿ, ತಾವು ಮಾತ್ರ ತಮ್ಮ ಊರಿಗೆ ಕೇಳುಗರನ್ನು ಕರೆಸಿಕೊಳ್ಳೋಣ ಅನ್ನೋ ಹಟ ಅವರ ವೃತ್ತಿಯುದ್ದಕ್ಕೂ ಕಾಣುತ್ತೆ.

ಪ್ರಶ್ನೆ: ನೀವು ಹೇಳಿದಿರಿ ಅಂತ ಕೇಳಿದೆ. ಕ್ಷಮಿಸಿ, ಚಪ್ಪೆ ಅನ್ನಿಸಿತು. ವಿಡಿಯೋದಲ್ಲೂ ಸುಮ್ನೆ ನೆಟ್ಟಗೆ ಕೂತಿರುತ್ತಾರೆ. ಬೇರೆಯವರು ತಲೆ ಕೊಡವಿ, ಕಣ್ಣು ಮುಚ್ಚಿ, ಎಷ್ಟು ಭಾವದಲ್ಲಿ ನುಡಿಸ್ತಾರೆ!
(ಶಿವಮೊಗ್ಗದ ಓದುಗರು)

ಉತ್ತರ: ಕ್ಷಮೆ ಯಾಕೆ? ಇದೇ ಮಾತನ್ನು ವಿಮರ್ಶಕರೂ ಆಗಾಗ ಹೇಳಿದ್ದಾರೆ, ಅತಿಯಾದ ಹಿಡಿತ, ಸ್ವಲ್ಪ ಬಿಡಬಾರದೇ ಅಂತ. ಮೊಜಾರ್ಟ್‌ನ ಕೆಲವು ಕಡೆ ನನಗೂ ಹಾಗೇ ಅನ್ನಿಸಿದೆ. ಆದರೆ ತಲೆ ಕೊಡವೋದನ್ನ ಭಾವ ಅಂತ ಲೆಕ್ಕ ಹಾಕೋದು ನನಗೆ ಒಪ್ಪಿಗೆ ಇಲ್ಲ. ವಿಡಿಯೋ ಬಂದ್ ಮಾಡಿ, ಬರೀ ಕೇಳಿ.

ರಷ್ಯಾದ ರಾಖ್ಮನಿನೋಫ್‌ನ ಮೂರನೇ ಪಿಯಾನೋ ಕಾಂಚೆರ್ಟೊ ಹಾಕಿ. ಪಿಯಾನೋ ರಚನೆಗಳಲ್ಲಿ ಭಯಂಕರ ಕಷ್ಟದ್ದು ಅಂತ ಹೆಸರಾದದ್ದು. ಆದರೆ ಅದರ ಶುರುವಾತು ಎಷ್ಟು ಸರಳ ಗೊತ್ತಾ? ಎರಡು ಕೈಯಲ್ಲೂ ಒಂದೇ ರಾಗ, ಒಂದು ಸಲಕ್ಕೆ ಒಂದೇ ಸ್ವರ, ಕಲಿಯುವ ಮಕ್ಕಳೂ ನುಡಿಸಬಹುದು. ಬಹಳ ಜನ ಅಲ್ಲೇ ಎಳೆದು, ತಡೆದು, ನಿಟ್ಟುಸಿರು ಬಿಟ್ಟು ಮುಂದೆ ದೊಡ್ಡದೇನೋ ಕಾದಿದೆ ಅಂತ ಸೂಚನೆ ಕೊಡುತ್ತಾರೆ. ಆನ್ಸ್‌ನೆಸ್ ಅದನ್ನು ಯಾರೋ ನಡೆಯುತ್ತಾ ಗುನುಗಿಕೊಂಡ ಹಾಗೆ ನುಡಿಸಿ ಬಿಟ್ಟುಬಿಡುತ್ತಾರೆ. ಆಮೇಲೆ ಮೊದಲ ಭಾಗದ ಒಂಟಿ ಪಿಯಾನೋ ಜಾಗದಲ್ಲಿ ಬಿರುಗಾಳಿ ಬಂದಾಗ ನೀವು ತಯಾರಾಗಿರೋದಿಲ್ಲ. ಅವರು ಇದನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ಒಂದು 1995ರಲ್ಲಿ ಓಸ್ಲೋದವರ ಜೊತೆ, ಇನ್ನೊಂದು ಲಂಡನ್ ಸಿಂಫನಿ ವಾದ್ಯವೃಂದ ಮತ್ತು ನಿರ್ದೇಶಕ ಆಂಟೋನಿಯೊ ಪಪ್ಪಾನೊ ಜೊತೆ. ಇದನ್ನು ಕೇಳಿದ ಮೇಲೂ ಚಪ್ಪೆ ಅನ್ನಿಸಿದರೆ ಬರೆಯಿರಿ, ನಿಮ್ಮ ರುಚಿಗೆ ಬೇರೆಯವರ ಹೆಸರು ಕೊಡುತ್ತೇನೆ. ಜಗಳ ಏನಿಲ್ಲ.

ಪ್ರಶ್ನೆ: ನಾರ್ವೆಯಲ್ಲಿ ಪಿಯಾನೋ ನುಡಿಸುವ ಹೆಣ್ಣುಮಕ್ಕಳೇ ಇಲ್ಲವಾ?
(ಕಲಬುರಗಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇದ್ದರು, ಅದೂ ಗ್ರೀಗ್ ಕಾಲದಿಂದಲೇ. ಅಗಾಥೆ ಬಾಕರ್ ಗ್ರೊಂಡಾಲ್, ಹುಟ್ಟಿದ್ದು 1847ರಲ್ಲಿ. ಬರ್ಲಿನ್ನಿನಲ್ಲಿ ಕಲಿತು, ಫ್ಲಾರೆನ್ಸ್‌ನಲ್ಲಿ ಪಿಯಾನೋ ವಾದಕ ಹಾನ್ಸ್ ಫಾನ್ ಬ್ಯೂಲೋ ಹತ್ತಿರ, ವೈಮಾರ್‌ನಲ್ಲಿ ಲಿಸ್ಟ್ ಹತ್ತಿರವೂ ಪಾಠ ಮಾಡಿಸಿಕೊಂಡವರು. ಗ್ರೀಗ್ ಸ್ನೇಹಿತೆ, ಅವನ ಕಾಂಚೆರ್ಟೊ ನುಡಿಸಿದವರು, ತಾವೂ ನೂರಾರು ಹಾಡು, ಪಿಯಾನೋ ರಚನೆ ಬರೆದವರು. ಲಂಡನ್ನಿಗೆ ಹೋದಾಗ ಆಗ ಸಂಗೀತ ವಿಮರ್ಶೆ ಬರೆಯುತ್ತಿದ್ದ ಬರ್ನಾರ್ಡ್ ಶಾ ಇವರನ್ನು ಮೆಚ್ಚಿ ಬರೆದ. ಅವನು ಯಾರನ್ನಾದರೂ ಮೆಚ್ಚೋದು ಅಪರೂಪ. ವಯಸ್ಸಾದಂತೆ ಕಿವಿ ಕೇಳಿಸೋದು ಕಮ್ಮಿಯಾಯಿತು, 1907ರಲ್ಲಿ ಗ್ರೀಗ್‌ಗಿಂತ ಕೆಲವೇ ತಿಂಗಳು ಮುಂಚೆ ತೀರಿಕೊಂಡರು.

ಇನ್ನೊಬ್ಬರು ಎವಾ ಕ್ನಾರ್ಡಾಲ್, 1927ರಿಂದ 2006. ಅಮೆರಿಕದ ಮಿನಿಯಾಪೊಲಿಸ್ ವಾದ್ಯವೃಂದದಲ್ಲಿ ವರ್ಷಗಟ್ಟಲೆ ನುಡಿಸಿ ವಾಪಸ್ ನಾರ್ವೆಗೆ ಬಂದು, ಗ್ರೀಗ್‌ನ ಪಿಯಾನೋ ರಚನೆಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟರು. ಹುಡುಕಿ ಕೇಳಿ, ಖಡಕ್ ಕೈ.

ಪ್ರಶ್ನೆ: ಇಷ್ಟೆಲ್ಲ ಕೇಳೋಕೆ ಟೈಮ್ ಎಲ್ಲಿದೆ ಸಾರ್? ಬಸ್ಸಿಗೆ ಕಾಯುವಾಗ ಮುಗಿಯುವಂಥದ್ದು ಒಂದು ಹೇಳಿ.
(ಹಾಸನದ ಓದುಗರು)

ಉತ್ತರ: ಬಸ್ಸು ಸರಿಯಾದ ಟೈಮಿಗೆ ಬಂದರೂ ಮುಗಿಯುವಂಥದ್ದೇ ಇದೆ. ಬರ್ಗನ್ ಹತ್ತಿರ ಟ್ರೋಲ್‌ಹೌಗನ್ ಅನ್ನೋ ಗ್ರೀಗ್ ಮನೆ ಈಗ ಮ್ಯೂಸಿಯಂ. ಗ್ರೀಗ್ ದಂಪತಿಯ ಮದುವೆಯ ಬೆಳ್ಳಿಹಬ್ಬಕ್ಕೆ 1892ರಲ್ಲಿ ಉಡುಗೊರೆ ಬಂದ ಸ್ಟೈನ್‌ವೇ ಪಿಯಾನೋ ಈಗಲೂ ಅಲ್ಲಿಯೇ ಇದೆ. ಆನ್ಸ್‌ನೆಸ್ ಅದೇ ಪಿಯಾನೋದಲ್ಲಿ, ಅದೇ ಮನೆಯಲ್ಲಿ ಗ್ರೀಗ್‌ನ ಸಣ್ಣ ಸಣ್ಣ ಲಿರಿಕ್ ಪೀಸ್‌ಗಳನ್ನು ರೆಕಾರ್ಡ್ ಮಾಡಿದ್ದಾರೆ, 2002ರಲ್ಲಿ ಬಂದ ಆಲ್ಬಮ್. ಇವತ್ತಿನ ಪಿಯಾನೋಗಳಷ್ಟು ಮಿಂಚಲ್ಲ ಅದರ ಧ್ವನಿ, ಮನೆಯ ಹಜಾರದಲ್ಲಿ ಕೂತು ಕೇಳಿದ ಹಾಗಿರುತ್ತೆ.

ಗ್ರೀಗ್ ಇಂಥ 66 ತುಣುಕುಗಳನ್ನು ಹತ್ತು ಪುಸ್ತಕಗಳಲ್ಲಿ ತಂದ. ಮೊದಲ ಪುಸ್ತಕದ ಮೊದಲನೆಯದು ಅರಿಯೆಟ್ಟಾ, 1867ರಲ್ಲಿ ಅಚ್ಚಾದದ್ದು, ಒಂದೂವರೆ ನಿಮಿಷವೂ ಇಲ್ಲ. ಹತ್ತನೇ ಪುಸ್ತಕ ಬಂದಿದ್ದು 1901ರಲ್ಲಿ. ಅದರ ಕಟ್ಟಕಡೆಯ ತುಣುಕಿನಲ್ಲಿ ಗ್ರೀಗ್ ಅರಿಯೆಟ್ಟಾದ ಅದೇ ರಾಗವನ್ನು ವಾಪಸ್ ತಂದು, ಮೂರರ ಲಯಕ್ಕೆ ಬದಲಾಯಿಸಿ, ವಾಲ್ಟ್ಸ್ ಅನ್ನೋ ನೃತ್ಯ ಮಾಡಿದ್ದಾನೆ. ಆನ್ಸ್‌ನೆಸ್ ಆಲ್ಬಮ್ ಶುರುವಾಗೋದು ಮೊದಲನೆಯದರಿಂದ, ಮುಗಿಯೋದು ಈ ಕೊನೆಯದರಿಂದ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿದರೂ ಐದು ನಿಮಿಷ ಆಗಲ್ಲ.